ಇಪ್ಪತ್ತೇಳಕ್ಕೇ ಬೂಟು ಬಿಚ್ಚಿಟ್ಟವನು

ಸೆಬಾಸ್ಟಿಯನ್ ಡೈಸ್ಲರ್ ಎಂಬ ಹುಡುಗನ ಮೇಲೆ ಜರ್ಮನಿಯ ಫುಟ್‌ಬಾಲ್ ಪ್ರಿಯರು ಹೊರಿಸಿದ ಭಾರ ಸಣ್ಣದಲ್ಲ. 1980ರಲ್ಲಿ ಸ್ವಿಟ್ಜರ್ಲೆಂಡ್ ಗಡಿಯ ಲ್ಯೋರಾಖ್ ಪಟ್ಟಣದಲ್ಲಿ ಹುಟ್ಟಿದ ಆತ ಹದಿನೈದಕ್ಕೇ ಮನೆ ಬಿಟ್ಟು ದೂರದ ಕ್ಲಬ್ ಸೇರಿದ. 2000ದ ಯೂರೋ ಕಪ್‌ನಲ್ಲಿ ಜರ್ಮನಿ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ, ತಂಡವನ್ನು ಮೇಲೆತ್ತುವವನು ಇವನೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಆಗ ಅವನಿಗೆ ಬರೀ ಇಪ್ಪತ್ತು.

ಬಲಮಂಡಿಯ ಪೆಟ್ಟು ಪದೇ ಪದೇ ಕಾಡಿತು. 2002ರ ವಿಶ್ವಕಪ್ ತಪ್ಪಿತು. ಮಂಡಿಗಾದರೆ ಎಕ್ಸ್‌ರೇ ಇದೆ, ಬ್ಯಾಂಡೇಜ್ ಇದೆ, ನೋಡಿದವರ ಅನುಕಂಪವೂ ಇದೆ. ಮನಸ್ಸು ಕುಸಿದರೆ? ಅಷ್ಟು ಸಂಪಾದಿಸುವವನಿಗೆ ಎಂಥ ದುಃಖವಯ್ಯಾ ಎಂದು ಕೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಬಯರ್ನ್ ಮ್ಯೂನಿಕ್ ಆಟಗಾರನಾಗಿದ್ದ ಡೈಸ್ಲರ್ 2003ರ ನವೆಂಬರಿನಲ್ಲಿ ಖಿನ್ನತೆಯ ಚಿಕಿತ್ಸೆಗೆಂದು ಮ್ಯೂನಿಕ್‌ನ ಮ್ಯಾಕ್ಸ್ ಪ್ಲಾಂಕ್ ಮನೋವೈದ್ಯಕೀಯ ಸಂಸ್ಥೆಗೆ ದಾಖಲಾದ. ಸುದ್ದಿಯನ್ನು ಮುಚ್ಚಿಡಲಿಲ್ಲ. ಗಂಡಸರ ಆಟವೆಂದು ಬೀಗುವ ಫುಟ್‌ಬಾಲ್ ಲೋಕದಲ್ಲಿ ಆಗ ಇದು ಸಾಮಾನ್ಯ ಮಾತಾಗಿರಲಿಲ್ಲ.

ಚೇತರಿಸಿಕೊಂಡ, ಮತ್ತೆ ಕುಸಿದ, ಮತ್ತೆ ಎದ್ದ. 2005ರ ಕಾನ್ಫೆಡರೇಷನ್ಸ್ ಕಪ್‌ನಲ್ಲಿ ದೇಶಕ್ಕಾಗಿ ಆಡಿದ. ಮರುವರ್ಷ ಜರ್ಮನಿಯಲ್ಲೇ ವಿಶ್ವಕಪ್. ಇನ್ನು ಮೂರು ತಿಂಗಳಿದೆ ಎನ್ನುವಾಗ ಅಭ್ಯಾಸದ ವೇಳೆ ಅದೇ ಮಂಡಿಗೆ ಮತ್ತೆ ಪೆಟ್ಟು ಬಿತ್ತು.

2007ರ ಜನವರಿಯಲ್ಲಿ ನಿವೃತ್ತಿ ಸಾರಿದಾಗ ವಯಸ್ಸು 27. ದೇಶದ ಪರ ಆಡಿದ್ದು 36 ಪಂದ್ಯ. ಒಪ್ಪಂದ 2009ರವರೆಗೂ ಇತ್ತು. ಕ್ಲಬ್ಬಿನ ವ್ಯವಸ್ಥಾಪಕ ಉಲಿ ಹೋನೆಸ್ ದಿನಗಟ್ಟಲೆ ಮನವೊಲಿಸಿ ನೋಡಿದರು. ಮಂಡಿಯ ಮೇಲೆ ತನಗಿನ್ನು ನಂಬಿಕೆಯಿಲ್ಲ ಎಂದ ಡೈಸ್ಲರ್ ಮನಸ್ಸು ಬದಲಿಸಲಿಲ್ಲ.