ಕೆಂಬೇರಿಯ ಕೆಂಪು

ನೇತ್ರಾಣಿ ದ್ವೀಪದಲ್ಲಿ ನಡೆದ, ನೀರಿನೊಳಗೆ ಚಿತ್ರ ತೆಗೆಯುವುದನ್ನು ಕಲಿಸುವ ಕಾರ್ಯಾಗಾರದ ಕಥೆ ಹೇಳಬೇಕೆಂದರೆ ಓ-ರಿಂಗಿನಿಂದಲೇ ಶುರು ಮಾಡಬೇಕು. ಮುರ್ಡೇಶ್ವರದ ಲಾಡ್ಜಿನ ಕೋಣೆಯಲ್ಲಿ ನೆಲಕ್ಕೆ ಬಿಳಿ ಟವೆಲ್ ಹಾಸಿಕೊಂಡು ಎಲ್ಲರೂ ಕೂತಿದ್ದೆವು. ಎದುರಿಗೆ ಹೊಸ ಹೌಸಿಂಗ್, ಅಂದರೆ ಕ್ಯಾಮೆರಾವನ್ನು ನೀರಿನಿಂದ ಕಾಯುವ ಅಲ್ಯೂಮಿನಿಯಂ ಪೆಟ್ಟಿಗೆ. ಅದರ ಬಾಗಿಲ ಸುತ್ತ ಒಂದು ತೆಳ್ಳನೆಯ ರಬ್ಬರ್ ಬಳೆ, ಅದೇ ಓ-ರಿಂಗ್. ಸಮುದ್ರಕ್ಕೂ ಕ್ಯಾಮೆರಾಕ್ಕೂ ನಡುವೆ ಇರುವುದು ಅದೊಂದೇ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಬಳೆಯ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ನೀರು ದಾರಿ ಹುಡುಕಿಕೊಳ್ಳುತ್ತದೆ. ಕಲಿಸಲು ಬಂದಿದ್ದ ಮೇಷ್ಟ್ರು ಬೆರಳ ತುದಿಯಲ್ಲಿ ಸಿಲಿಕೋನ್ ಗ್ರೀಸ್ ಹಚ್ಚಿಕೊಂಡು, ಕಣ್ಣು ಮುಚ್ಚಿ, ಬಳೆಯನ್ನು ನಿಧಾನವಾಗಿ ತಿರುಗಿಸುತ್ತಾ ಹೋದರು. "ಮರಳಿನ ಕಣ ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗತ್ತೆ" ಅಂದರು. ಆಮೇಲೆ ಪುಟ್ಟ ಪಂಪಿನಿಂದ ಪೆಟ್ಟಿಗೆಯೊಳಗಿನ ಗಾಳಿಯನ್ನು ಸ್ವಲ್ಪ ಹೀರಿ ತೆಗೆದು, ಸೋರಿಕೆ ಇಲ್ಲವೆಂದು ತೋರಿಸುವ ಹಸಿರು ದೀಪ ಹಸಿರಾಗಿಯೇ ಉಳಿಯುತ್ತದಾ ಎಂದು ಕಾದೆವು. ಉಳಿಯಿತು.

ಮಳೆಗಾಲ ಕಳೆದು ಕಡಲು ತಿಳಿಯಾಗಿದ್ದ ದಿನಗಳು ಅವು. ದಡದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಹೋಗುತ್ತಾ ಮೇಷ್ಟ್ರು 1926ರ ಒಂದು ಸಂಗತಿ ಹೇಳಿದರು. ಅಮೆರಿಕದ ಫ್ಲಾರಿಡಾದ ಡ್ರೈ ಟಾರ್ಟುಗಾಸ್ ದ್ವೀಪಗಳ ಹತ್ತಿರ ವಿಲಿಯಂ ಲಾಂಗ್ಲಿ ಎಂಬ ವಿಜ್ಞಾನಿ ಮತ್ತು ಚಾರ್ಲ್ಸ್ ಮಾರ್ಟಿನ್ ಎಂಬ ಛಾಯಾಗ್ರಾಹಕ ಸೇರಿ ನೀರಿನೊಳಗಿನ ಮೊದಲ ಬಣ್ಣದ ಚಿತ್ರ ತೆಗೆದರಂತೆ. ಬೆಳಕಿಗಾಗಿ ಅವರು ನೀರಿನ ಮೇಲೆ ತೆಪ್ಪ ತೇಲಿಬಿಟ್ಟು, ಅದರ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿದ್ದರು! ನನ್ನ ತೊಡೆಯ ಮೇಲೆ ಅಂಗೈಯಗಲದ ಎರಡು ಫ್ಲ್ಯಾಶ್ ದೀಪಗಳು, ಅಂದರೆ ಸ್ಟ್ರೋಬ್‌ಗಳು ಕೂತಿದ್ದವು. ಅವರ ಧೈರ್ಯ ನೆನೆದು ಮೈ ಜುಮ್ಮೆಂದಿತು.

ಮೊದಲ ಇಳಿತಕ್ಕೆ ಸ್ಟ್ರೋಬ್ ಹೊತ್ತಿಸುವಂತಿಲ್ಲ, ಅದು ಮೇಷ್ಟ್ರ ಕಟ್ಟಪ್ಪಣೆ. ಕಲ್ಲಿಗೆ ಕೈ ಊರುವಂತೆಯೂ ಇಲ್ಲ. ಬಂಡೆಯ ಮೇಲಿನ ಹವಳ ಜೀವಂತ ಪ್ರಾಣಿ. ಚಿತ್ರಕ್ಕಾಗಿ ಅದನ್ನು ಮುರಿಯುವವನು ಕ್ಯಾಮೆರಾ ಹಿಡಿಯಲೇಬಾರದು ಎಂದು ನಾನೂ ನಂಬಿದ್ದೇನೆ. ಹಾಗಾಗಿ ಮುಳುಗದೆ ತೇಲದೆ, ಉಸಿರಿನಲ್ಲೇ ಮೈ ಹತೋಟಿಗೆ ತಂದುಕೊಂಡು ಒಂದು ಬಂಡೆಯ ಸಂದಿನೆದುರು ನಿಂತೆ. ಒಳಗೆ ಬೂದು ಬಣ್ಣದ ಮೀನೊಂದು ಅಲುಗದೆ ನನ್ನನ್ನೇ ನೋಡುತ್ತಿತ್ತು. ತಿರುಗಿ ನೋಡಿದರೆ ಜೊತೆಗಾರನ ಕಡುಗೆಂಪು ಫಿನ್‌ಗಳೂ ಮಾಸಲು ಕಂದಾಗಿದ್ದವು. ನೀರು ಮೊದಲು ನುಂಗುವುದೇ ಕೆಂಪನ್ನು. ಕೆಲವೇ ಮೀಟರುಗಳಲ್ಲಿ ಅದು ಮುಗಿಯುತ್ತದೆ, ನಂತರ ಕಿತ್ತಳೆ, ಆಮೇಲೆ ಹಳದಿ. ಆಳದಲ್ಲಿ ಉಳಿಯುವುದು ನೀಲಿ, ಹಸಿರು. ಓದಿ ತಿಳಿದದ್ದೇ ಆದರೂ ಕಣ್ಣೆದುರು ಒಂದು ಬಣ್ಣ ಇಲ್ಲವಾಗಿರುವುದನ್ನು ಕಂಡಾಗ ಎದೆ ಧಸಕ್ಕೆಂದಿತು.

ಎರಡನೇ ಇಳಿತದಲ್ಲಿ ಸ್ಟ್ರೋಬ್ ಹಚ್ಚಿದೆವು. ಎರಡು ಬಗೆಯಲ್ಲೂ ತೆಗೆದು ನೋಡಿ ಎಂದಿದ್ದರು. ಅದೇ ಸಂದಿನೆದುರು ನಿಂತು, ಮೊದಲು ದೀಪಗಳನ್ನು ಲೆನ್ಸಿನ ಪಕ್ಕಕ್ಕೇ ಇಟ್ಟು ಒತ್ತಿದೆ. ನೀರಿನಲ್ಲಿ ತೇಲುವ ಕಣಗಳಿಗೆಲ್ಲ ಬೆಳಕು ಬಡಿದು, ಪರದೆಯ ತುಂಬ ಅಕ್ಕಿಹಿಟ್ಟು ಎರಚಿದ ಹಾಗೆ ಬಿಳಿ ಚುಕ್ಕೆ. ಆಮೇಲೆ ಸ್ಟ್ರೋಬಿನ ತೋಳುಗಳನ್ನು ಎರಡೂ ಕಡೆಗೆ ಅಗಲಿಸಿ, ತುಸು ಹಿಂದಕ್ಕೆ ಸರಿಸಿ, ಮೀನಿಗೆ ಬೆಳಕಿನ ಅಂಚು ಮಾತ್ರ ತಾಗುವಂತೆ ತಿರುಗಿಸಿದೆ. ಲೆನ್ಸಿಗೂ ಮೀನಿಗೂ ನಡುವಿನ ನೀರು ಕತ್ತಲಲ್ಲೇ ಉಳಿಯಬೇಕು, ಗುಟ್ಟು ಅಷ್ಟೇ. ಜೊತೆಗೆ ಹತ್ತಿರ ಹೋಗಬೇಕು, ಇನ್ನೂ ಹತ್ತಿರ. ಸ್ಟ್ರೋಬಿನ ಬೆಳಕು ಮೀನಿನವರೆಗೆ ಹೋಗುವಾಗಲೂ ನೀರು ದಾಟಬೇಕು, ಲೆನ್ಸಿಗೆ ಮರಳುವಾಗಲೂ ದಾಟಬೇಕು. ಎರಡು ಸಲವೂ ಕೆಂಪಿಗೆ ಸುಂಕ ಕಟ್ಟಲೇಬೇಕು. ಬಹಳ ಹೊತ್ತು ಹಾಗೇ ತೇಲುತ್ತಾ ಕಾದೆ. ಮೀನಿಗೆ ನನ್ನ ಹೆದರಿಕೆ ಹೋಗಿ, ಅದೇ ಸಂದಿನಿಂದ ಒಂದು ಗೇಣು ಮುಂದೆ ಬಂತು. ಒತ್ತಿದೆ.

ಪರದೆಯ ಮೇಲೆ ಮೂಡಿದ್ದು ಬೇರೆಯೇ ಮೀನು. ಕಿವಿರಿನಿಂದ ಬಾಲದವರೆಗೆ ಕೆಂಪು, ಹುರುಪೆಯ ಅಂಚಿಗೆ ಬೆಳ್ಳಿ. ನೀರಿನೊಳಗೇ ಕೂಗಿಬಿಟ್ಟೆ, ರೆಗ್ಯುಲೇಟರಿನಿಂದ ಗುಳ್ಳೆಗಳು ಬುಳುಬುಳು ಎದ್ದವು.

ದೋಣಿಗೆ ಹತ್ತಿದ ಮೇಲೆ ಅದನ್ನು ಎಲ್ಲರಿಗೂ ತೋರಿಸುತ್ತಾ ಬಂದೆ. ಚುಕ್ಕಾಣಿ ಹಿಡಿದಿದ್ದ ತಾಂಡೇಲರು ಕತ್ತು ಚಾಚಿ ನೋಡಿದರು. ವಯಸ್ಸಾದವರು, ಹುಡುಗನಾಗಿದ್ದಾಗಿನಿಂದ ಬಲೆ ಬೀಸಿದವರು.

"ಕೆಂಬೇರಿ ಅಲ್ವಾ ಮರಾಯ್ರೆ?"

"ಕೆಳಗೆ ಬೂದಿ ಬಣ್ಣ ಇತ್ತು ತಾಂಡೇಲರೇ, ದೀಪ ಹಾಕಿದ್ಮೇಲೆ ಕೆಂಪಾಯ್ತು."

"ಬೂದಿಯಾ? ನಾವು ಬಲೆ ಎಳೆದಾಗ ಯಾವಾಗ್ಲೂ ಹೀಂಗೇ ಇರ್ತದಲ್ಲ" ಎಂದು ಅವರು ಅಚ್ಚರಿಪಟ್ಟರು.

ಒಮ್ಮೆಯೂ ಕೆಳಗಿಳಿಯದ ಅವರು ಆ ಮೀನನ್ನು ಸೂರ್ಯನ ಬೆಳಕಿನಲ್ಲೇ ಕಂಡವರು, ನಿಜವಾದ ಬಣ್ಣ ಬಲ್ಲವರು. ನಾನು ಅದರ ಮನೆ ಬಾಗಿಲಿಗೇ ಹೋಗಿ ನಿಂತಿದ್ದೆ, ದೀಪವಿಲ್ಲದೆ ನನಗೆ ಅದು ಕಂಡಿರಲಿಲ್ಲ. ಮೇಷ್ಟ್ರಿಗೂ ಇದು ನಾಟಿರಬೇಕು. ಅವರು ನೋಟ್‌ಬುಕ್ ಹಿಡಿದು ತಾಂಡೇಲರ ಪಕ್ಕಕ್ಕೆ ಹೋಗಿ ಕೂತರು. ದಡ ಮುಟ್ಟುವವರೆಗೂ ಇವರು ಒಂದೊಂದೇ ಚಿತ್ರ ತೋರಿಸುವುದು, ಅವರು ಮೀನಿನ ಹೆಸರು, ಅದು ಸಿಗುವ ಕಾಲ, ಮೇಲೆ ಬಂದಾಗಿನ ಬಣ್ಣ ಹೇಳುವುದು, ಇವರು ಬರೆದುಕೊಳ್ಳುವುದು ನಡೆದೇ ಇತ್ತು.