ಸದಾಶಿವನಗರದಲ್ಲಿ ಊಟಕ್ಕೆ ಎಲ್ಲಿ ಹೋಗೂಣು, ಅಜ್ಜಾ?

ಮಕ್ಕಳೇ, ಹೊರಗೆ ಊಟಕ್ಕೆ ಹೋಗುವ ದಿನ ನಿಮ್ಮ ಮನೆಯಲ್ಲಿ ಹೋಟೆಲು ಆರಿಸುವವರು ಯಾರು? ನಮ್ಮಲ್ಲಿ ಈ ಅಧಿಕಾರ ಬಹಳ ದಿನ ಮೊಮ್ಮಗಳ ಕೈಯಲ್ಲಿತ್ತು. ಐದನೇ ಇಯತ್ತೆ ಓದುವ ಹುಡುಗಿ. ಗೋಡೆಗೆ ಬಣ್ಣದ ದೀಪ ಹಾಕಿದ್ದರೆ ಸಾಕು, "ಅಜ್ಜಾ, ಅಲ್ಲೇ ಹೋಗೂಣು" ಎನ್ನುತ್ತಿದ್ದಳು. ಈಗ ಆ ಅಧಿಕಾರ ನನ್ನ ಕೈಗೆ ಬಂದಿದೆ. ಹೇಗೆ ಬಂತು ಎಂಬುದನ್ನು ಹೇಳುವ ಮೊದಲು ಊರಿನ ಪರಿಚಯ ಸ್ವಲ್ಪ ಮಾಡಿಕೊಡುತ್ತೇನೆ.

ನಾವು ಮುದುಕ-ಮುದುಕಿ ಇರುವುದು ಬೆಳಗಾವಿಯ ಶಹಾಪುರದ ಹಳೆಯ ಮನೆಯಲ್ಲಿ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಇರುವುದು ಸದಾಶಿವನಗರದ ಫ್ಲ್ಯಾಟಿನಲ್ಲಿ. ನಮ್ಮ ಓಣಿಯಿಂದ ಆಟೋ ಹಿಡಿದರೆ ಕಪಿಲೇಶ್ವರ ಗುಡಿಯ ಹತ್ತಿರ ರೈಲ್ವೆ ಮೇಲ್ಸೇತುವೆ ದಾಟಿ, ಪೇಟೆಯ ಗದ್ದಲ ದಾಟಿ, ಚನ್ನಮ್ಮ ವೃತ್ತಕ್ಕೆ ಬರುತ್ತೇವೆ. ಕುದುರೆ ಏರಿ ಕತ್ತಿ ಹಿಡಿದ ಕಿತ್ತೂರು ರಾಣಿಯ ಪ್ರತಿಮೆ ಅಲ್ಲಿದೆ. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ಆಕೆಯ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ನಾನೂ ಆ ಕಡೆಯವನೇ. ಹೀಗಾಗಿ ಆಟೋ ಆ ವೃತ್ತ ಸುತ್ತುವಾಗಲೆಲ್ಲ ಕೈ ತಾನಾಗಿ ಮೇಲೇಳುತ್ತದೆ. ಮೊಮ್ಮಗ ನಗುತ್ತಾನೆ. ಅಲ್ಲಿಂದ ಡಾ. ಅಂಬೇಡ್ಕರ್ ರಸ್ತೆ ಹಿಡಿದು ಸಿವಿಲ್ ಆಸ್ಪತ್ರೆಯ ಮುಂದೆ ಸಾಗಿದರೆ ಸದಾಶಿವನಗರ ದೂರವಿಲ್ಲ.

ನಾನು ಬ್ಯಾಂಕಿಗೆ ಕಾರಕೂನನಾಗಿ ಸೇರಿದ ಕಾಲದಲ್ಲಿ ಊಟಕ್ಕೆಂದು ಸದಾಶಿವನಗರಕ್ಕೆ ಹೋಗುವ ಮಾತೇ ಇರಲಿಲ್ಲ. ತಿನ್ನುವವರೆಲ್ಲ ಖಡೇಬಜಾರ, ಮಾರುತಿ ಗಲ್ಲಿ, ಕ್ಯಾಂಪ್ ಕಡೆಗೆ ನಡೆಯುತ್ತಿದ್ದರು. ಬಿ.ಕಾಂ. ಓದುವಾಗ ನಾನು ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದುದು ಒಂದು ಖಾನಾವಳಿಯಲ್ಲಿ. ಖಾನಾವಳಿ ನೋಡದ ಮಕ್ಕಳಿಗೆ ಹೇಳುತ್ತೇನೆ, ಕೇಳಿ. ಅಲ್ಲಿ ಮೆನು ಕಾರ್ಡು ಎಂಬುದಿಲ್ಲ. ಕುಳಿತರೆ ತಾಟು ಬರುತ್ತದೆ. ಜೋಳದ ಬಿಸಿ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಝುಣಕ. ಒಂದು ಮೂಲೆಯಲ್ಲಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಗುರೆಳ್ಳು ಹಿಂಡಿ, ಅದರ ಮೇಲೆ ಎಣ್ಣೆ ಅಥವಾ ಮೊಸರು. ಜೊತೆಗೆ ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮೆಂತ್ಯದ ಎಲೆ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ರೊಟ್ಟಿ ಬಡಿಯುವ ಸಪ್ಪಳ ಊಟದುದ್ದಕ್ಕೂ ಒಳಗಿನಿಂದ ಕೇಳುತ್ತಿತ್ತು. ಆ ಸಪ್ಪಳ ನಿಂತಿತು ಎಂದರೆ ಇನ್ನು ರೊಟ್ಟಿ ಇಲ್ಲ, ಏಳಬೇಕು.

ಮದುವೆಯಾದ ಮೇಲೆ ಮನೆಯಲ್ಲಿ ಜಗಳ ಸುರುವಾಯಿತು. ನಾನು ಜೋಳದ ನಾಡಿನವನು, ನಮ್ಮಾಕೆ ಖಾನಾಪುರದವಳು. ಖಾನಾಪುರ ಬೆಳಗಾವಿಗೆ ಇಪ್ಪತ್ತೈದು ಕಿಲೋಮೀಟರ್ ಆಚೆ ಅಷ್ಟೇ, ಆದರೆ ನೆಲವೇ ಬೇರೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಆ ತಾಲೂಕಿನಲ್ಲೇ ಹರಿದು ಬರುತ್ತಾಳೆ. ಮಳೆ, ಕಾಡು, ಭತ್ತದ ಗದ್ದೆ. ಅಲ್ಲಿಯ ಜೇಡಿಮಣ್ಣಿನ ಮಡಿಕೆ, ಹಂಚು ಹೆಸರುವಾಸಿ. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೇ ಖಾನಾಪುರದಲ್ಲಿದೆ. ಆಕೆಗೆ ಅನ್ನ ಇಲ್ಲದಿದ್ದರೆ ಊಟವೇ ಅಲ್ಲ, ನನಗೆ ರೊಟ್ಟಿ ಇಲ್ಲದಿದ್ದರೆ ಹೊಟ್ಟೆಯೇ ತುಂಬದು. ಐವತ್ತು ವರ್ಷದ ಹತ್ತಿರ ಆಕೆ ಎರಡನ್ನೂ ಮಾಡಿದಳು. ಬಿಸಿ ರೊಟ್ಟಿ ನನ್ನ ತಾಟಿಗೆ ಬೀಳುವ ಹೊತ್ತಿಗೆ ಆಕೆಯ ಅನ್ನ ಆರಿರುತ್ತಿತ್ತು. ಇದು ನನ್ನ ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ.

ಇರಲಿ, ಸದಾಶಿವನಗರಕ್ಕೆ ಬರೋಣ. ಈ ಭಾಗ ತಿನ್ನುವವರ ಪೇಟೆಯಾದುದಕ್ಕೆ ಕಾರಣಗಳು ಸುತ್ತಲೇ ಇವೆ. ಪಕ್ಕದ ನೆಹರೂನಗರದಲ್ಲಿ ಕೆ.ಎಲ್.ಇ. ಆಸ್ಪತ್ರೆ, 1963ರಲ್ಲಿ ಆರಂಭವಾದ ಜೆ.ಎನ್. ವೈದ್ಯಕೀಯ ಕಾಲೇಜು. ದೇಶದ ಎಲ್ಲ ಕಡೆಯಿಂದ, ಮಲೇಷಿಯಾದಿಂದಲೂ ಹುಡುಗ ಹುಡುಗಿಯರು ಓದಲು ಬಂದರು. ಅವರಿಗೆ ಮನೆಯ ಊಟ ಇಲ್ಲ, ರಾತ್ರಿ ಹತ್ತಕ್ಕೂ ಹಸಿವು. 2012ರಲ್ಲಿ ಹಲಗಾದ ಹತ್ತಿರ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನಕ್ಕೆ ಬೆಂಗಳೂರಿನ ಜನ ಬಂದಿಳಿಯತೊಡಗಿದರು. ಇದರ ಮೇಲೆ ಫ್ಲ್ಯಾಟುಗಳು. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಶನಿವಾರ ರಾತ್ರಿ ಒಲೆಗೆ ರಜೆ. ಈಗ ಈ ಸುತ್ತಿನಲ್ಲಿ ಏನು ಸಿಗುವುದಿಲ್ಲ ಎಂದು ಕೇಳಬೇಕು: ಸೌತ್ ಇಂಡಿಯನ್ ತಿಂಡಿ, ಪಂಜಾಬಿ, ಚೈನೀಸ್, ಪಿಜ್ಜಾ, ಮೊಮೊ, ಹತ್ತು ನಮೂನೆಯ ಕಾಫಿ. ಬಿರಿಯಾನಿ ಬೇಕೆನ್ನುವವರಿಗೆ ನಮ್ಮ ಊರಿನ ನಿಯಾಝ್ ಇದೆ. ನಾನು ಶಾಖಾಹಾರಿ, ಆದರೂ ಅದರ ಹೆಸರು ಕೇಳಿಯೇ ಹೊರಊರಿನ ನೆಂಟರು ಬರುವುದನ್ನು ಕಂಡಿದ್ದೇನೆ.

ಸದಾಶಿವನಗರದ ಹೋಟೆಲುಗಳ ಹೆಸರನ್ನು ಮಾತ್ರ ಒಂದೊಂದಾಗಿ ಬರೆಯಲಾರೆ. ಜಿಪುಣತನವಲ್ಲ. ಅಲ್ಲಿ ಬೋರ್ಡು ಬಹಳ ಬೇಗ ಬದಲಾಗುತ್ತದೆ. ಹೋದ ದೀಪಾವಳಿಗೆ ಪಾವಭಾಜಿ ತಿಂದ ಜಾಗದಲ್ಲಿ ಈ ಯುಗಾದಿಗೆ ಮೊಬೈಲ್ ಅಂಗಡಿ ಇತ್ತು. ಹೆಸರಿಗಿಂತ ಹೋಟೆಲು ನೋಡುವ ಕಣ್ಣು ಹೆಚ್ಚು ಕಾಲ ಬಾಳುತ್ತದೆ ಎಂದು ಅದನ್ನೇ ಕೊಡುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮಾಕೆಗೆ ಲಕ್ವಾ ಹೊಡೆಯಿತು. ದೇವರ ದಯೆ, ಬೇಗ ಆಸ್ಪತ್ರೆಗೆ ಒಯ್ದೆವು. ಮಾತು ಬಂತು, ನಡಿಗೆ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಬೆರಳು ಮಡಚುತ್ತವೆ, ತುತ್ತು ಹಿಡಿಯುವುದಿಲ್ಲ. ಅಂದಿನಿಂದ ಆಕೆ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಾಳೆ. ಅದೂ ಯಾರ ಎದುರಿಗೂ ಅಲ್ಲ. ಮೊಮ್ಮಕ್ಕಳು ಮನೆಗೆ ಬಂದರೆ "ನಂದು ಆಮ್ಯಾಲೆ, ನೀವು ಉಣ್ರಿ" ಎನ್ನುವಳು. ಎಲ್ಲರೂ ಎದ್ದ ಮೇಲೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕುಳಿತು ಉಣ್ಣುವಳು. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಹೋದರೂ ಅಕ್ಕಿಕಾಳು ಹಾಕಿ, ಊಟದ ಹೊತ್ತಿಗೆ ತಲೆನೋವು.

ಹೋದ ವರ್ಷ ಮೊಮ್ಮಗಳ ಹುಟ್ಟುಹಬ್ಬ. "ಅಜ್ಜಿ ಬಂದ್ರನs ಕೇಕ್ ಕಟ್ ಮಾಡ್ತೀನಿ" ಎಂದು ಹಟ ಹಿಡಿದಳು. ಆಕೆ ಒಪ್ಪಿದಳು. ಬಣ್ಣದ ದೀಪದ ಒಂದು ಹೋಟೆಲು, ಹೆಸರು ಬೇಡ. ಮೊದಲ ಮಹಡಿ, ಹದಿನಾರು ಮೆಟ್ಟಿಲು, ಹಿಡಿಯಲು ಕಟಾಂಜನ ಒಂದೇ ಬದಿಗೆ. ಅದೂ ಬಲಬದಿಗೆ! ಆಕೆ ನಾಲ್ಕು ಹತ್ತಿ ನಿಂತಳು. ಮೇಲಿನಿಂದ ಸಂಗೀತದ ಧಡಧಡ. "ನೀವೆಲ್ಲಾ ಹೋಗ್ರಿ, ನಾ ಕಾರಿನ್ಯಾಗ ಕೂಡ್ತೀನಿ" ಎಂದಳು. ನಾನೂ ಕೆಳಗಿಳಿದು ಪಕ್ಕದಲ್ಲಿ ಕುಳಿತೆ. ಮಗ ಪಾರ್ಸಲ್ ತಂದ. ಕೇಕಿನ ತುಂಡು ಡಬ್ಬಿಗೆ ಮೆತ್ತಿಕೊಂಡಿತ್ತು. ಮೊಮ್ಮಗಳು ಹಿಂದಿನ ಸೀಟಿನಲ್ಲಿ ಒಂದು ಮಾತೂ ಆಡಲಿಲ್ಲ.

ಬ್ಯಾಂಕಿನವನ ಚಟ, ಬಿಲ್ಲು ಕೇಳಿ ನೋಡಿದೆ. ತಿಂಡಿಯದು 1,400 ರೂಪಾಯಿ. ಅದಕ್ಕೆ ಹತ್ತು ಪ್ರತಿಶತ ಸರ್ವಿಸ್ ಚಾರ್ಜ್ ಎಂದು 140. ಆ ಮೊತ್ತದ ಮೇಲೆ ಐದು ಪ್ರತಿಶತ ಜಿಎಸ್‌ಟಿ 77. ಒಟ್ಟು 1,617. ಮಕ್ಕಳೇ, ಪಾಟಿ ತೆಗೆದು ಕೂಡಿಸಿ ನೋಡಿ, ಲೆಕ್ಕ ಸರಿ ಇದೆ. ಆದರೆ ಪದ್ಧತಿ ಸರಿ ಇಲ್ಲ. ಜಿಎಸ್‌ಟಿ ಸರಕಾರದ್ದು, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರದು. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು 2022ರಲ್ಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ಖುಷಿಯಾದರೆ ನಾವು ಕೊಡಬಹುದು, ಅಷ್ಟೇ. ನಾನು ಹದಿನಾರು ಮೆಟ್ಟಿಲು ಹತ್ತಿ ಹೋಗಿ ಹೇಳಿದೆ. ಅವರು ತಕರಾರಿಲ್ಲದೆ ತೆಗೆದರು, 1,470 ಆಯಿತು. 147 ರೂಪಾಯಿ ಉಳಿಸಿ ಗೆದ್ದವನಂತೆ ಕೆಳಗೆ ಬಂದರೆ ನಮ್ಮಾಕೆ, "ದುಡ್ಡು ತಂದ್ರಿ, ಆ ಹುಡುಗಿ ಮಾರಿ ನೋಡ್ರಿ" ಎಂದಳು. ಗೆದ್ದದ್ದು ಅಲ್ಲಿಗೆ ಮುಗಿಯಿತು.

ಮರುದಿನ ಒಂದು ನೂರು ಪುಟದ ನೋಟ್‌ಬುಕ್ ಕೊಂಡೆ. ಗೆರೆ ಎಳೆದು ಕಾಲಂ ಮಾಡಿದೆ, ಹಳೆಯ ಲೆಡ್ಜರಿನ ಹಾಗೆ. ದಿನಾ ಸಂಜೆ ವಾಕಿಂಗ್ ಎಂದು ಹೇಳಿ ಸದಾಶಿವನಗರಕ್ಕೆ ಹೋಗಿ ಒಂದೊಂದೇ ಹೋಟೆಲು ಹೊಕ್ಕು ಚಹಾ ಕುಡಿದು ಬರೆದುಕೊಂಡೆ. ಮೆಟ್ಟಿಲು ಎಷ್ಟು? ಕಟಾಂಜನ ಯಾವ ಬದಿಗೆ? ಕುರ್ಚಿಗೆ ಕೈ ಇದೆಯೋ ಇಲ್ಲವೋ? ಕೆಲವು ಕಡೆ ಸೋಫಾ ಎಷ್ಟು ಮೆತ್ತಗೆ ಎಂದರೆ ನನ್ನ ವಾರಿಗೆಯವರು ಕುಳಿತರೆ ಏಳಿಸಲು ಇಬ್ಬರು ಬೇಕು. ಮೆನು ಓದುವಷ್ಟು ಬೆಳಕಿದೆಯೇ? ಕತ್ತಲಲ್ಲಿ ಉಣ್ಣುವುದು ಈಗಿನ ಫ್ಯಾಶನ್ನು. ಎದುರಿಗೆ ಕುಳಿತವರ ಮಾತು ಕೇಳುತ್ತದೆಯೇ? ಶೌಚಾಲಯ ನೆಲಮಟ್ಟದಲ್ಲಿದೆಯೇ, ನೆಲ ಒದ್ದೆಯೇ? ಕುಡಿಯುವ ಸಾದಾ ನೀರು ಕೇಳದೆ ಇಡುತ್ತಾರೆಯೇ, ಬಾಟಲಿಯನ್ನೇ ಮುಂದೆ ತಳ್ಳುತ್ತಾರೆಯೇ? ಎರಡನೆಯ ವಾರದಿಂದ ಮೊಮ್ಮಗಳೂ ಪೆನ್ಸಿಲ್ ಹಿಡಿದು ಜೊತೆಗೆ ಬಂದಳು. ಅವಳ ಪಾಲಿಗೆ ಒಂದು ಕೆಲಸ ಕೊಟ್ಟೆ. ಪ್ರತಿ ಹೋಟೆಲಿನ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಲೈಸೆನ್ಸಿನ ಸಂಖ್ಯೆ ಇರಬೇಕು, ಹದಿನಾಲ್ಕು ಅಂಕಿ. ಅವಳು ಬೆರಳಿಟ್ಟು ಎಣಿಸುವಳು. ನೀವೂ ಮುಂದಿನ ಸಲ ಎಣಿಸಿ.

ಇಪ್ಪತ್ತಮೂರು ಜಾಗ ನೋಡಿದೆವು. ಸಕ್ಕರೆ ಇಲ್ಲದ ಚಹಾವನ್ನೇ ಕುಡಿದೆ, ಡಾಕ್ಟರಿಗೆ ಹೇಳಬಹುದು. ನಾವು ಕಂಡುಕೊಂಡದ್ದು ಇಷ್ಟು: ಮುಖ್ಯ ರಸ್ತೆಯಲ್ಲಿ ಬಣ್ಣ ಹೆಚ್ಚು, ಮೆಟ್ಟಿಲು ಹೆಚ್ಚು. ಒಳಗಿನ ಅಡ್ಡರಸ್ತೆಗಳಲ್ಲಿ ಹಳೆಯ ಬಂಗಲೆಯ ನೆಲಮಾಳಿಗೆಯನ್ನೋ ಗ್ಯಾರೇಜನ್ನೋ ಹೋಟೆಲು ಮಾಡಿದವರಿದ್ದಾರೆ. ಅಲ್ಲಿ ಒಂದೇ ಮೆಟ್ಟಿಲು ಇರುವ ಜಾಗ ಸಿಗುತ್ತದೆ. ಶನಿವಾರ, ರವಿವಾರ ಎಂಟರ ನಂತರ ಎಲ್ಲಿಯೂ ಶಾಂತಿ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರು ವಾರದ ನಡುವೆ ಆರೂವರೆಗೆ ಹೋಗಬೇಕು. ಆಗ ಅಡುಗೆಯವನಿಗೂ ಬಿಡುವು. "ಖಾರ ಕಡಿಮೆ, ಅನ್ನ ಮೆತ್ತಗ" ಎಂದರೆ ಕಿವಿಗೆ ಹಾಕಿಕೊಳ್ಳುತ್ತಾನೆ.

ಇನ್ನೊಂದು ವಿಷಯ ಮೊಮ್ಮಗಳು ಕಂಡುಹಿಡಿದಳು, ನನಗೆ ಹೊಳೆದಿರಲಿಲ್ಲ. "ಅಜ್ಜಾ, ಹೋಟೆಲ್ದಾಗ ಇಡ್ಲಿನ ಎಲ್ಲಾರೂ ಚಮಚಾದಲೇ ತಿಂತಾರ." ಹೌದಲ್ಲ! ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿ, ಬಿಸಿಬೇಳೆ ಭಾತ್, ಸೂಪು, ಮೊಸರನ್ನ, ಐಸ್‌ಕ್ರೀಮು. ಇವನ್ನು ಕೈಯಿಂದ ತಿಂದರೇ ಜನ ತಿರುಗಿ ನೋಡುತ್ತಾರೆ. ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಬಂತು: ಚಮಚದ ತಿಂಡಿ.

ಕಡೆಗೆ ಒಂದು ಬುಧವಾರ ಸಂಜೆ ಹೊರಟೆವು. ಅಡ್ಡರಸ್ತೆಯ ಸಣ್ಣ ಹೋಟೆಲು, ಒಂದೇ ಮೆಟ್ಟಿಲು, ಕೈ ಇರುವ ಕುರ್ಚಿ, ಟ್ಯೂಬ್‌ಲೈಟು. ನಮ್ಮಾಕೆ ಗೋಡೆಯ ಕಡೆಗೆ ಕುಳಿತಳು. ಇಡ್ಲಿ-ಸಾಂಬಾರು ಬಂತು. ಆಕೆ ಸೆರಗು ಸರಿಮಾಡಿಕೊಂಡಳು, ನೀರು ಕುಡಿದಳು, ಮತ್ತೆ ಸೆರಗು ಸರಿಮಾಡಿಕೊಂಡಳು. ನಾವೆಲ್ಲ ನೋಡದವರ ಹಾಗೆ ಮಾತಾಡುತ್ತಿದ್ದೆವು. ಆಕೆ ಎಡಗೈಯಿಂದ ಚಮಚ ಎತ್ತಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮೊಮ್ಮಗ ಎಡಚ. ಎರಡನೇ ಇಯತ್ತೆ. ಚಿಕ್ಕಂದಿನಿಂದ ಎಡಗೈಯಿಂದ ಉಣ್ಣಹೋದರೆ "ಆ ಕೈಲೆ ಉಣಬಾರದು" ಎಂದು ಕೈಮೇಲೆ ಹೊಡೆದವಳು ಈ ಅಜ್ಜಿಯೇ. ಅವನು ತನ್ನ ದೋಸೆ ಬಿಟ್ಟು ಕಣ್ಣು ದೊಡ್ಡದು ಮಾಡಿ ನೋಡಿದ. ಇಡೀ ಹೋಟೆಲಿಗೆ ಕೇಳುವಂತೆ ಕೇಳಿದ: "ಅಜ್ಜೀ, ನೀನೂ ಎಡಗೈಲೆ ಉಣ್ತೀ?"

ಸೊಸೆ ಅವನ ತೊಡೆ ಚಿವುಟಿದಳು. ಮಗ ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡ. ನನಗೆ ಎದೆ ಹೊಡೆದುಕೊಂಡಿತು, ಎದ್ದುಹೋಗುತ್ತಾಳೆ ಎಂದೇ ಎಣಿಸಿದೆ.

ಆಕೆ ಚಮಚ ಕೆಳಗಿಡಲಿಲ್ಲ. "ಹೂಂನಪಾ. ಬಲಗೈ ಮಾತು ಕೇಳವಲ್ದು," ಎಂದಳು. ತಡೆದು, "ನಿನ್ನ ಕೈಮ್ಯಾಲ ಹೊಡೀತಿದ್ದೆ ನಾ. ತಪ್ಪಾತು," ಎಂದಳು.

"ಚಮಚಾ ಹಂಗ ಹಿಡೀಬ್ಯಾಡ, ಸಾಂಬಾರ ಚೆಲ್ತದ. ಹಿಂಗ ಹಿಡಿ," ಎಂದು ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಹೋದ. ಹೆಬ್ಬೆರಳು ಎಲ್ಲಿಡಬೇಕು, ಮಣಿಕಟ್ಟು ಎಷ್ಟು ತಿರುಗಿಸಬೇಕು, ಎಲ್ಲ ತೋರಿಸಿದ. ಬಲಗೈಯವರಿಗೆ ಯಾರಿಗೂ ಅದು ಹೇಳಿಕೊಡಲು ಬರುವುದಿಲ್ಲ. ಎರಡನೆಯ ಇಡ್ಲಿಗೆ ಸಾಂಬಾರು ಚೆಲ್ಲಲಿಲ್ಲ. ಆಕೆ ಮೊಸರನ್ನವನ್ನೂ ತರಿಸಿದಳು. ಖಾನಾಪುರದವಳಲ್ಲವೇ.

ಬಿಲ್ಲು 840, ಜಿಎಸ್‌ಟಿ 21 ಮತ್ತು 21, ಒಟ್ಟು 882. ಬಡಿಸಿದ ಹುಡುಗನಿಗೆ ನಾನಾಗಿಯೇ ಐವತ್ತು ಕೊಟ್ಟೆ. ಮೊಮ್ಮಗಳು ಹದಿನಾಲ್ಕು ಅಂಕಿ ಎಣಿಸಿ ಟಿಕ್ ಹಾಕಿದಳು.

ಸಿಹಿ ಮಾತ್ರ ಆ ಕಡೆ ತಿನ್ನಬೇಡಿ ಎನ್ನುವುದು ನನ್ನ ಅಭಿಪ್ರಾಯ. ಬೆಳಗಾವಿಗೆ ಬಂದು ಕುಂದಾ ಬಿಟ್ಟು ಕೇಕು ತಿನ್ನುವುದು ಯಾವ ನ್ಯಾಯ? ಹಾಲನ್ನು ಕಾಯಿಸಿ ಕಾಯಿಸಿ, ಸಕ್ಕರೆ ಸೇರಿಸಿ, ಕಂದು ಬಣ್ಣಕ್ಕೆ ತಿರುಗಿ ಹರಳು ಹರಳಾಗುವವರೆಗೆ ಕೈ ಬಿಡದೆ ತಿರುವಬೇಕು. ಕ್ಯಾಂಪಿನ ಪುರೋಹಿತ, ನಮ್ಮ ಶಹಾಪುರದ ಗಜಾನನ ಮಿಠಾಯಿವಾಲಾ ಹೆಸರಾದ ಅಂಗಡಿಗಳು. ಹಾಗೆಯೇ ಮಾಂಡೆ. ಬೋರಲು ಹಾಕಿದ ಕಾದ ಬಾಣಲೆಯ ಮೇಲೆ ಬೇಯಿಸಿ ಮಡಚಿದ, ಕಾಗದದಷ್ಟು ತೆಳುವಾದ ಸಿಹಿ. ಮುಟ್ಟಿದರೆ ಪುಡಿ. ಅದನ್ನು ಯಾವ ಕೈಯಿಂದ ತಿಂದರೂ ಅರ್ಧ ಅಂಗಿಯ ಮೇಲೆಯೇ.

ಹಿಂತಿರುಗುವಾಗ ಆಟೋದಲ್ಲಿ ನೋಟ್‌ಬುಕ್ ತೆಗೆದು ಆ ಹೋಟೆಲಿನ ಸಾಲಿನಲ್ಲಿ "ಉತ್ತಮ" ಎಂದು ಬರೆಯುತ್ತಿದ್ದೆ. ಚನ್ನಮ್ಮ ವೃತ್ತದ ದೀಪಕ್ಕೆ ನಮ್ಮಾಕೆ ಬಗ್ಗಿ ನೋಡಿದಳು.

"ಎಲ್ಲಾ ಉತ್ತಮ ಅಂತ ಬರೀಬ್ಯಾಡ್ರಿ. ಸಾಂಬಾರಿಗೆ ಹುಳಿ ಸಾಲಲಿಲ್ಲ, ಅದನ್ನೂ ಬರ್ಕೋರಿ," ಎಂದಳು.

ಬರೆದುಕೊಂಡೆ.