ಮೊದಲು ನನಗೇ ಹೇಳಬಹುದಿತ್ತಲ್ವಾ?

ಪಂದ್ಯಕ್ಕಿಂತ ಪಂದ್ಯ ಸೋತ ಮೇಲಿನ ಪ್ರೆಸ್ ಮೀಟ್ ನೋಡೋದ್ರಲ್ಲೇ ನನಗೆ ಆಸಕ್ತಿ ಜಾಸ್ತಿ. ಗೆದ್ದಾಗ ಎಲ್ಲರದ್ದೂ ಒಂದೇ ಮಾತು: ಹುಡುಗರು ಚೆನ್ನಾಗಿ ಆಡಿದರು, ಇಡೀ ತಂಡದ ಶ್ರಮ, ಮುಂದಿನ ಪಂದ್ಯದ ಕಡೆ ಗಮನ. ಸೋತಾಗ ಮಾತ್ರ ಯಾರ ಹೊಟ್ಟೆಯಲ್ಲಿ ಏನಿದೆ ಅಂತ ಗೊತ್ತಾಗೋದು. ಬೆವರು ಇನ್ನೂ ಆರಿರುವುದಿಲ್ಲ, ಎದುರಿಗೆ ಸಾಲು ಮೈಕ್‌ಗಳು. ಯಾರೋ ಒಬ್ಬ ವರದಿಗಾರ ತಂಡದವರೊಬ್ಬರ ಹೆಸರು ಹಿಡಿದು ಪ್ರಶ್ನೆ ಕೇಳುತ್ತಾನೆ. ಆಗ ಬಾಯಿಂದ ಜಾರಿದ ಮಾತು ಎಷ್ಟು ವರ್ಷ ಉಳಿಯುತ್ತೆ ಅನ್ನೋದಕ್ಕೆ ನಮ್ಮ ಕ್ರಿಕೆಟ್‌ನಲ್ಲೇ ಒಂದು ಉದಾಹರಣೆ ಇದೆ.

2012ರ ಫೆಬ್ರವರಿ. ಭಾರತ ತಂಡ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಸರಣಿಯನ್ನು 4-0ರಿಂದ ಸೋತು, ಶ್ರೀಲಂಕಾವೂ ಸೇರಿದ್ದ ತ್ರಿಕೋನ ಏಕದಿನ ಸರಣಿ ಆಡುತ್ತಿತ್ತು. ಸಚಿನ್, ಸೆಹ್ವಾಗ್, ಗಂಭೀರ್ ಮೂವರಲ್ಲಿ ಒಬ್ಬರಿಗೆ ಸರದಿಯಂತೆ ವಿಶ್ರಾಂತಿ ಕೊಡಲಾಗುತ್ತಿತ್ತು. ಯುವಕರಿಗೆ ಅವಕಾಶ ಸಿಗಲಿ ಅಂತ ಈ ವ್ಯವಸ್ಥೆ ಎಂದೇ ಎಲ್ಲರೂ ತಿಳಿದಿದ್ದರು. ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 110 ರನ್‌ಗಳಿಂದ ಸೋತ ಮೇಲೆ ನಾಯಕ ಧೋನಿ ಬೇರೆಯೇ ಕಾರಣ ಹೇಳಿದರು. ಅಲ್ಲಿಯ ಮೈದಾನಗಳು ದೊಡ್ಡವು, ಮೂವರನ್ನೂ ಒಟ್ಟಿಗೆ ಆಡಿಸಿದರೆ ಫೀಲ್ಡಿಂಗ್‌ನಲ್ಲೇ ಸುಮಾರು 20 ರನ್ ಬಿಟ್ಟುಕೊಡಬೇಕಾಗುತ್ತೆ ಅಂತ.

ಎರಡೇ ದಿನಕ್ಕೆ, ನಿಧಾನಗತಿಯ ಬೌಲಿಂಗ್‌ಗಾಗಿ ಧೋನಿಗೆ ಒಂದು ಪಂದ್ಯದ ನಿಷೇಧ ಇದ್ದುದರಿಂದ, ಅದೇ ಬ್ರಿಸ್ಬೇನ್‌ನಲ್ಲಿ ಶ್ರೀಲಂಕಾ ವಿರುದ್ಧ ಸೆಹ್ವಾಗ್ ನಾಯಕರಾದರು. ಆ ಪಂದ್ಯವೂ ಸೋತಿತು. ಈಗ ಮೈಕ್‌ಗಳ ಮುಂದೆ ಕೂತವರು ಸೆಹ್ವಾಗ್. ಯುವಕರಿಗೆ ಅವಕಾಶ ಕೊಡೋಕೆ ಅಂತಷ್ಟೇ ಧೋನಿ ತಮಗೆ ಹೇಳಿದ್ದರು, ಫೀಲ್ಡಿಂಗ್ ವಿಷಯ ಗೊತ್ತಿಲ್ಲ ಅಂದರು. ನಾನು ಹಿಡಿದ ಕ್ಯಾಚ್ ನೋಡಿದಿರಾ ಅಂತ ವರದಿಗಾರರನ್ನೇ ಕೇಳಿದರು. ಮಾರನೇ ದಿನದ ಸುದ್ದಿ ಏನಿರುತ್ತೆ ಹೇಳಿ? ಡ್ರೆಸ್ಸಿಂಗ್ ರೂಮ್ ಒಡೆದಿದೆ, ಎರಡು ಬಣ ಆಗಿದೆ, ಇಷ್ಟೇ.

ಇದಾಗಿ ಒಂದೇ ವಾರದಲ್ಲಿ ಹೋಬರ್ಟ್‌ನಲ್ಲಿ ಆ ಮೂವರೂ ಒಟ್ಟಿಗೆ ಆಡಿದರು. 321 ರನ್ ಗುರಿಯನ್ನು ಭಾರತ 36.4 ಓವರ್‌ಗಳಲ್ಲಿ ಮುಟ್ಟಿತು. ಕೊಹ್ಲಿ ಅಜೇಯ 133 ಹೊಡೆದ ಪಂದ್ಯ ಅಂತ ಅದು ಎಲ್ಲರ ನೆನಪಲ್ಲಿದೆ. ಅಂದರೆ ತಂಡ ಆಟ ಮರೆತಿರಲಿಲ್ಲ. ಗಾಯ ಬೇರೆ ಕಡೆ ಆಗಿತ್ತು.

ಅದು ಎಷ್ಟು ಆಳದ ಗಾಯ ಅಂತ ನನಗೆ ಅರ್ಥ ಆಗಿದ್ದು 2020ರಲ್ಲಿ. ರಿಷಭ್ ಪಂತ್‌ಗೆ ಆಡುವ ಹನ್ನೊಂದರಲ್ಲಿ ಜಾಗ ಸಿಗದಿದ್ದ ಬಗ್ಗೆ ಒಂದು ಚರ್ಚೆ ನಡೀತಿತ್ತು. ಅಲ್ಲಿ ಸೆಹ್ವಾಗ್ ಎಂಟು ವರ್ಷ ಹಿಂದಿನ ಆ ಮಾತನ್ನು ಎತ್ತಿದರು. ನಾವು ನಿಧಾನ ಫೀಲ್ಡರ್‌ಗಳು ಅನ್ನೋ ಮಾತು ತಂಡದ ಮೀಟಿಂಗ್‌ನಲ್ಲಿ ಬರಲೇ ಇಲ್ಲ, ಪ್ರೆಸ್ ಮೀಟ್‌ನಲ್ಲಿ ಬಂತು, ನಮಗೆ ಮಾಧ್ಯಮದಿಂದ ಗೊತ್ತಾಯ್ತು ಅಂತ. ಗಮನಿಸಿ, ಅಷ್ಟು ವರ್ಷದ ಮೇಲೂ ಅವರ ದೂರು "ನಮ್ಮನ್ನು ನಿಧಾನ ಅಂದರು" ಅನ್ನೋದಲ್ಲ. "ನಮಗೆ ಹೇಳಲಿಲ್ಲ" ಅನ್ನೋದು.

ಧೋನಿ ಹೇಳಿದ್ದರಲ್ಲಿ ಹುರುಳಿರಲೂಬಹುದು. ಆಗ ಸಚಿನ್‌ಗೆ 38 ವರ್ಷ, ಸೆಹ್ವಾಗ್‌ಗೆ 33. ಆ ವಯಸ್ಸಲ್ಲಿ ಯಾರ ಕಾಲು ತಾನೇ ಇಪ್ಪತ್ತರ ಹುಡುಗನ ಹಾಗೆ ಓಡುತ್ತೆ? ಆದರೆ ಟೀಕೆ ನಿಜವೋ ಸುಳ್ಳೋ ಅನ್ನೋದು ಒಂದು ಪ್ರಶ್ನೆ, ಅದನ್ನು ಮೊದಲು ಯಾರಿಗೆ ಹೇಳಿದಿರಿ ಅನ್ನೋದು ಇನ್ನೊಂದು. ನಾವು ಸಾಮಾನ್ಯವಾಗಿ ಮೊದಲನೆಯದರ ಮೇಲೇ ಜಗಳ ಆಡ್ತೀವಿ. ಮನಸ್ಸು ಮುರಿಯುವುದು ಎರಡನೆಯದರಿಂದ.

ಫುಟ್‌ಬಾಲ್ ಲೋಕದಲ್ಲಿ ಇದಕ್ಕಿಂತ ದುಬಾರಿಯಾದ ಪ್ರಕರಣ ಒಂದಿದೆ. ರಾಯ್ ಕೀನ್ 1993ರಿಂದ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರ, 1997ರಿಂದ ನಾಯಕ. 2005ರ ಅಕ್ಟೋಬರ್ ಕೊನೆಯಲ್ಲಿ ತಂಡ ಮಿಡಲ್ಸ್‌ಬ್ರೋ ಎದುರು 4-1ರಿಂದ ಸೋತಿತು. ಗಾಯಗೊಂಡಿದ್ದ ಕೀನ್ ಆ ಪಂದ್ಯ ಆಡಿರಲಿಲ್ಲ. ಕ್ಲಬ್‌ನದ್ದೇ ಟಿವಿ ಚಾನೆಲ್‌ನಲ್ಲಿ ಪಂದ್ಯದ ವಿಶ್ಲೇಷಣೆಗೆ ಕೂತವರು ಸಹ ಆಟಗಾರರನ್ನು ಹೆಸರು ಹೇಳಿಯೇ ಝಾಡಿಸಿದರು. ರಿಯೋ ಫರ್ಡಿನಾಂಡ್‌ನಂಥ ದೊಡ್ಡ ಹೆಸರಿನ ಜೊತೆಗೆ, ಆಗಿನ್ನೂ 21ರ ಹುಡುಗರಾಗಿದ್ದ ಡ್ಯಾರೆನ್ ಫ್ಲೆಚರ್ ಮತ್ತು ಕೀರನ್ ರಿಚರ್ಡ್‌ಸನ್ ಕೂಡ ಆ ಪಟ್ಟಿಯಲ್ಲಿದ್ದರು. ಕ್ಲಬ್ ಆ ಕಾರ್ಯಕ್ರಮವನ್ನು ಪ್ರಸಾರ ಮಾಡಲಿಲ್ಲ. ಆದರೂ ಸುದ್ದಿ ಪತ್ರಿಕೆಗಳಿಗೆ ಸೋರಿತು. ನವೆಂಬರ್ 18ಕ್ಕೆ ಕೀನ್ ಕ್ಲಬ್ ಬಿಟ್ಟಾಗಿತ್ತು. ಹನ್ನೆರಡು ವರ್ಷದ ನಂಟು ಮೂರು ವಾರದೊಳಗೆ ಮುಗಿದುಹೋಯ್ತು. ಫ್ಲೆಚರ್ ಮಾತ್ರ 2015ರವರೆಗೆ ಅದೇ ಕ್ಲಬ್‌ನಲ್ಲಿ ಆಡಿ ಐದು ಪ್ರೀಮಿಯರ್ ಲೀಗ್ ಗೆದ್ದ.

ಕೀನ್ ಕಪಟಿ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ ಅಂತಲೇ ಇವತ್ತಿಗೂ ಜನ ಅವರನ್ನು ಮೆಚ್ಚುತ್ತಾರೆ. "ನೇರ ಮಾತು" ಅಂದರೆ ನಮಗೂ ಇಷ್ಟವೇ. ಆದರೆ ಒಬ್ಬರ ತಪ್ಪನ್ನು ಅವರ ಬೆನ್ನ ಹಿಂದೆ, ಕ್ಯಾಮೆರಾ ಮುಂದೆ ಹೇಳೋದು ಹೇಗೆ ನೇರ ಮಾತಾಗುತ್ತೆ? ಅದು ಸುತ್ತಿ ಬಳಸಿ ಬರುವ ಮಾತು. ನಿಮ್ಮ ಬಾಯಿಂದ ಹೊರಟು, ವರದಿಗಾರನ ನೋಟ್‌ಬುಕ್ ಹೊಕ್ಕು, ಹೆಡ್‌ಲೈನ್ ಆಗಿ, ವಾಟ್ಸ್ಆ್ಯಪ್ ಫಾರ್ವರ್ಡ್ ಆಗಿ ಕೊನೆಗೆ ಆ ವ್ಯಕ್ತಿಯ ಫೋನ್‌ಗೆ ಬರುತ್ತೆ. ಅಷ್ಟರಲ್ಲಿ ಅವರ ಅಮ್ಮ, ಅತ್ತೆ, ಶಾಲೆಯ ಗೆಳೆಯರು ಎಲ್ಲರೂ ಓದಿಯಾಗಿರುತ್ತೆ.

ಇದೆಲ್ಲ ದೊಡ್ಡವರ ಕಥೆ, ನಮಗೇನು ಅನ್ನಬೇಡಿ. ನಮ್ಮಂಥವರಿಗೆ ಪ್ರೆಸ್ ಮೀಟ್ ಇಲ್ಲ ನಿಜ. ಕ್ಲೈಂಟ್ ಕಾಲ್ ಇದೆಯಲ್ಲ! ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ರಿಲೀಸ್ ಒಂದು ವಾರ ತಡವಾಯ್ತು. ಕಾಲ್‌ನಲ್ಲಿ ಕ್ಲೈಂಟ್ ಕಾರಣ ಕೇಳಿದ. ನಮ್ಮ ಲೀಡ್ ಒಂದು ಕ್ಷಣವೂ ಯೋಚಿಸದೆ, ಪೇಮೆಂಟ್ಸ್ ಭಾಗ ಮುಗಿದಿಲ್ಲ ಅಂತ ಹೇಳಿ ಅದನ್ನು ಮಾಡ್ತಿದ್ದ ಹುಡುಗಿಯ ಹೆಸರನ್ನೂ ಸೇರಿಸಿದರು. ಅವಳೂ ಅದೇ ಕಾಲ್‌ನಲ್ಲಿದ್ದಳು, ಮ್ಯೂಟ್‌ನಲ್ಲಿ. ಟೆಸ್ಟಿಂಗ್ ಸರ್ವರ್ ಸಿಕ್ಕಿದ್ದೇ ತಡವಾಗಿ ಅಂತ ನಮಗೆಲ್ಲ ಗೊತ್ತಿತ್ತು. ಯಾರೂ ಅನ್‌ಮ್ಯೂಟ್ ಮಾಡಲಿಲ್ಲ, ಅವಳೂ ಮಾಡಲಿಲ್ಲ.

ಅವಳು ಅಳಲಿಲ್ಲ, ಜಗಳ ಆಡಲಿಲ್ಲ, ತಕ್ಷಣ ರಾಜೀನಾಮೆಯನ್ನೂ ಕೊಡಲಿಲ್ಲ. ಬದಲಾಗಿದ್ದು ಒಂದೇ. ಅದಕ್ಕೂ ಮೊದಲು ತೊಂದರೆ ಬರೋ ಸೂಚನೆ ಸಿಕ್ಕಾಗಲೇ "ಇಲ್ಲೊಂದು ಸಮಸ್ಯೆ ಇದೆ ಕಣ್ರೋ, ನೋಡ್ಬನ್ನಿ" ಅಂತ ಕರೀತಿದ್ದವಳು ಕರೆಯೋದು ಬಿಟ್ಟಳು. ಎಲ್ಲವೂ ಇಮೇಲ್‌ಗೆ ಬಂತು, ಪ್ರತಿ ಇಮೇಲ್‌ಗೂ ನಾಲ್ಕು ಜನ ಸಿಸಿಯಲ್ಲಿ. ಮುಂದಿನ ಎರಡು ರಿಲೀಸ್‌ಗಳಲ್ಲಿ ನಮಗೆ ಸಮಸ್ಯೆ ಗೊತ್ತಾಗಿದ್ದು ಕೊನೇ ದಿನ. ಒಬ್ಬರನ್ನು ಹೊರಗಿನವರ ಮುಂದೆ ಬಿಟ್ಟುಕೊಟ್ಟರೆ ಅವರೊಬ್ಬರಿಗೆ ಮಾತ್ರ ನಷ್ಟ ಅಂದುಕೊಳ್ತೀವಿ. ಅದನ್ನು ನೋಡಿದ ಉಳಿದವರೂ ಬಾಯಿ ಹೊಲಿದುಕೊಳ್ತಾರೆ. ತಂಡಕ್ಕೆ ಬೇಕಾದ ಸುದ್ದಿ ತಂಡದೊಳಗೇ ಓಡಾಡೋದು ನಿಲ್ಲುತ್ತೆ. ಡ್ರೆಸ್ಸಿಂಗ್ ರೂಮ್ ಇರಲಿ, ಆಫೀಸ್ ಇರಲಿ, ತಂಡ ಒಳಗಿಂದ ಹಾಳಾಗೋದು ಹೀಗೆ.

ಹಾಗಾದರೆ ಏನೇ ಆದರೂ ಬಾಯಿ ಮುಚ್ಚಿಕೊಂಡಿರಬೇಕಾ? ಇಲ್ಲ. "ಮನೆ ಮಾತು ಬೀದಿಗೆ ಬರಬಾರದು" ಅನ್ನೋ ಮಾತಿನ ಕೆಳಗೆ ಎಷ್ಟೋ ಅನ್ಯಾಯಗಳು ಮುಚ್ಚಿಹೋಗಿವೆ. ಹಣದ ಗೋಲ್ಮಾಲ್, ಕಿರುಕುಳ, ಒಳಗೆ ಹತ್ತು ಸಲ ದೂರು ಕೊಟ್ಟರೂ ಕೇಳದ ಆಡಳಿತ, ಇಂಥವಕ್ಕೆ ಹೊರಗಿನ ಬಾಗಿಲು ಬಡಿಯಲೇಬೇಕು. ಅಲ್ಲಿ ದನಿ ಎತ್ತುವವರು ಸಾಮಾನ್ಯವಾಗಿ ಬಲ ಇಲ್ಲದವರು, ಎದುರಿಗಿರುವವರು ಬಲ ಇರುವವರು. ನಾಯಕ ತನ್ನ ತಂಡದ ಹುಡುಗನ ಬಗ್ಗೆ ಮಾತಾಡುವಾಗ ಲೆಕ್ಕ ತಿರುಗುಮುರುಗು. ನಾಯಕನಿಗೆ ಆ ಹುಡುಗನ ಬಾಗಿಲು ಯಾವತ್ತೂ ಮುಚ್ಚಿರೋದಿಲ್ಲ. ಎರಡು ಹೆಜ್ಜೆ ನಡೆದರೆ ಸಾಕು, ಅವನ ಪಕ್ಕದಲ್ಲೇ ಕೂತು ಹೇಳಬಹುದು.

ಆ ಎರಡು ಹೆಜ್ಜೆಯ ಬೆಲೆ ತೋರಿಸಿದ್ದು ನಮ್ಮ ಬೆಂಗಳೂರಿನ ದ್ರಾವಿಡ್ ಸಿಕ್ಕಿಹಾಕಿಕೊಂಡ ಒಂದು ಪ್ರಸಂಗ. 2004ರ ಮಾರ್ಚ್ 29, ಪಾಕಿಸ್ತಾನದ ಮುಲ್ತಾನ್. ಸೆಹ್ವಾಗ್ 309 ಹೊಡೆದು, ಭಾರತದ ಪರ ಮೊದಲ ತ್ರಿಶತಕ ಬಂದಿದ್ದ ಟೆಸ್ಟ್. ಗಂಗೂಲಿ ಗಾಯಗೊಂಡಿದ್ದರಿಂದ ದ್ರಾವಿಡ್ ನಾಯಕ. ಸಚಿನ್ 194ರಲ್ಲಿ ಆಡುತ್ತಿದ್ದಾಗಲೇ, 5 ವಿಕೆಟ್‌ಗೆ 675ಕ್ಕೆ ಡಿಕ್ಲೇರ್! ದ್ವಿಶತಕಕ್ಕೆ ಬೇಕಿದ್ದದ್ದು ಆರೇ ರನ್. ಸಂಜೆ ಪ್ರೆಸ್ ಮೀಟ್‌ನಲ್ಲಿ ಸಚಿನ್ ತಮಗೆ ಅಚ್ಚರಿಯಾಯ್ತು, ಬೇಸರವಾಯ್ತು ಅಂತ ಒಪ್ಪಿಕೊಂಡರು. ದೇಶದ ತುಂಬ ಗುಲ್ಲೋ ಗುಲ್ಲು.

ಆದರೂ ಅದು 2012ರ ಹಾಗೆ ಆಗಲಿಲ್ಲ. ಯಾಕೆ? ನನಗೆ ಕಾಣೋದು ಎರಡು ಕಾರಣ. ಸಚಿನ್ ಹೇಳಿದ್ದು ತಮಗೆ ಏನನ್ನಿಸಿತು ಅಂತ. ದ್ರಾವಿಡ್ ಎಂಥವರು ಅಂತ ತೀರ್ಪು ಕೊಡಲಿಲ್ಲ. ಎರಡನೆಯದು, ಇಬ್ಬರೂ ಎದುರುಬದುರು ಮಾತಾಡಿಕೊಂಡರು. 2014ರ ಆತ್ಮಕಥೆಯಲ್ಲಿ ಸಚಿನ್ ಇದನ್ನು ಬರೆದಿದ್ದಾರೆ. ಇದರಿಂದ ಮೈದಾನದ ಆಟಕ್ಕೆ ಏನೂ ತೊಂದರೆ ಆಗಲ್ಲ, ಹೊರಗೆ ಮಾತ್ರ ಸ್ವಲ್ಪ ದಿನ ನನ್ನ ಪಾಡಿಗೆ ನನ್ನ ಬಿಡು ಅನ್ನೋ ಅರ್ಥದ ಮಾತನ್ನು ದ್ರಾವಿಡ್‌ಗೇ ಹೇಳಿದ್ದರಂತೆ. ಗೆಳೆತನ ಉಳೀತು ಅಂತಲೂ ಬರೆದಿದ್ದಾರೆ. ಆ ಟೆಸ್ಟನ್ನು ಭಾರತ ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು. ಅದು ಪಾಕಿಸ್ತಾನದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು.

ನನಗೆ ಇಷ್ಟವಾಗೋದು ಆ ಮಾತಿನಲ್ಲಿರುವ ಪ್ರಾಮಾಣಿಕತೆ. ಏನೂ ಆಗಿಲ್ಲ ಅಂತ ನಟಿಸಲಿಲ್ಲ, ತಬ್ಬಿಕೊಂಡು ಫೋಟೊಗೆ ಪೋಸ್ ಕೊಡಲಿಲ್ಲ. ಬೇಸರ ಆಗಿದೆ, ಟೈಮ್ ಬೇಕು, ಆದರೆ ಕೆಲಸ ನಿಲ್ಲಲ್ಲ. ಸಂಬಂಧಪಟ್ಟವರ ಮುಖ ನೋಡಿಕೊಂಡು ಹೇಳಿದರೆ ಇಷ್ಟು ಕಹಿ ಮಾತನ್ನೂ ಗೆಳೆತನ ಅರಗಿಸಿಕೊಳ್ಳುತ್ತೆ.

ಮೈಕ್ ಮುಂದೆ ನಾಯಕ ಮಾಡಬೇಕಾದ್ದು ಬ್ರಹ್ಮವಿದ್ಯೆ ಏನಲ್ಲ. ಹೆಸರು ಹಿಡಿದು ಪ್ರಶ್ನೆ ಬಂದರೆ "ಅದನ್ನು ನಾವು ಒಳಗೆ ಮಾತಾಡ್ಕೋತೀವಿ" ಅಂದು, ನಿಜಕ್ಕೂ ಒಳಗೆ ಹೋಗಿ ಮಾತಾಡೋದು. ಮೊದಲರ್ಧ ಎಲ್ಲರೂ ಹೇಳ್ತಾರೆ. ಎರಡನೇ ಅರ್ಧ ಕಷ್ಟ, ಯಾಕೆಂದರೆ ಅಲ್ಲಿ ಎದುರಿಗಿರುವವರೂ ತಿರುಗಿ ಮಾತಾಡಬಹುದು. ಸರ್ವರ್ ತಡವಾಗಿ ಬಂತು ಸರ್, ಅನ್ನಬಹುದು. ಕ್ಯಾಚ್ ನೋಡಿದ್ಯಾ, ಅನ್ನಬಹುದು. ಮೈಕ್ ತಿರುಗಿ ಮಾತಾಡಲ್ಲ, ಅದಕ್ಕೇ ಅದರ ಮುಂದೆ ಎಲ್ಲರಿಗೂ ಧೈರ್ಯ ಜಾಸ್ತಿ.